ವ್ಯಾಸವೋ, ತ್ರಿಜ್ಯವೋ?

ಸೂತ್ರಗಳನ್ನು ಕಂಠಪಾಠ ಮಾಡಿದ ವಿದ್ಯಾರ್ಥಿಯೂ ಅಳತೆಯ ಶಾಬ್ದಿಕ ಲೆಕ್ಕಗಳಲ್ಲಿ ಎಡವುವುದುಂಟು. ತೊಡಕು ಅನೇಕ ವೇಳೆ ಗುಣಾಕಾರದಲ್ಲಿರದೆ ಓದಿನಲ್ಲಿರುತ್ತದೆ.

ಸಿಲಿಂಡರಿನಾಕಾರದ ತೊಟ್ಟಿಯೊಂದರ ಒಳವ್ಯಾಸ 1.4 ಮೀಟರ್, ಎತ್ತರ 2 ಮೀಟರ್. ಅದು ತುಂಬಿದಾಗ 14 ಲೀಟರಿನ ಎಷ್ಟು ಕೊಡ ನೀರು ದೊರೆಯುತ್ತದೆ?

ಸೂತ್ರಕ್ಕೆ ಬೇಕಾದುದು ತ್ರಿಜ್ಯ. ಲೆಕ್ಕದಲ್ಲಿ ಕೊಟ್ಟಿರುವುದು ವ್ಯಾಸ. ಅದರ ಅರ್ಧ 0.7 ಮೀಟರ್. 22/7 × 0.7 × 0.7 × 2 = 3.08 ಘನ ಮೀಟರ್. ಒಂದು ಘನ ಮೀಟರಿಗೆ 1000 ಲೀಟರ್. ಆದ್ದರಿಂದ 3080 ಲೀಟರ್, ಅಂದರೆ 220 ಕೊಡ. ವ್ಯಾಸವನ್ನೇ ತ್ರಿಜ್ಯವೆಂದು ಬಗೆದರೆ ಉತ್ತರ ನಾಲ್ಕು ಪಟ್ಟಾಗಿ 880 ಕೊಡಕ್ಕೇರುತ್ತದೆ.

ಬೇಸಿಗೆಯಲ್ಲಿ ಟ್ಯಾಂಕರಿನ ಹಾದಿ ಕಾಯುವ ಜತ್ತ ತಾಲೂಕಿನ ತಾಯಂದಿರಿಗೆ, ಅಷ್ಟು ತೊಟ್ಟಿಯಲ್ಲಿ 880 ಕೊಡ ನೀರು ಹಿಡಿಯದೆಂದು ಯಾರೂ ಕಲಿಸಬೇಕಾಗಿಲ್ಲ. ಸೂತ್ರವನ್ನರಿಯದ ಪಾಲಕರೂ ಮಕ್ಕಳಿಗೆ ಮೂರು ಪ್ರಶ್ನೆ ಕೇಳಬಹುದು: ಕೊಟ್ಟಿರುವುದೇನು? ಕೇಳಿರುವುದೇನು? ಬಂದ ಉತ್ತರ ನಂಬುವಂತಿದೆಯೇ?

ಪಾಠದ ಭಾಷೆಯೂ ಮನೆಯ ಭಾಷೆಯೂ ಒಂದೇ ಆಗಿರುವಲ್ಲಿ ಮಾತ್ರ ಈ ಪ್ರಶ್ನೆಗಳನ್ನು ಅಡುಗೆಮನೆಯಿಂದಲೂ ಕೇಳಲು ಸಾಧ್ಯ. ಕನ್ನಡ ಶಾಲೆಯ ಮಗುವಿಗೆ ಆ ಅನುಕೂಲವಿದೆ. ಪರೀಕ್ಷೆಗೆ ಮುನ್ನ ಅದನ್ನು ಬಳಸಿಕೊಳ್ಳಬೇಕು.