ಭಯದ ಲಾಭ ಯಾರಿಗೆ?

ಭಯವೂ ಒಂದು ಸರಕು. ಕೊಳ್ಳುವವರು ಬಡವರು, ಲಾಭ ಉಳ್ಳವರಿಗೆ.

1990ರ ದಶಕದಲ್ಲಿ ದೆವ್ವ ಬರುವುದೆಂದು ಹೆದರಿ ನಮ್ಮ ನಾಡಿನ ಜನ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದರು. ತಗುಲಿದ್ದು ತುಂಡು ಸೀಮೆಸುಣ್ಣ. 2018ರ ಮೇ ತಿಂಗಳಲ್ಲಿ ಹಬ್ಬಿದ ಮಕ್ಕಳ ಕಳ್ಳರ ವದಂತಿಗೆ ತಗುಲಿದ್ದು ಒಂದು ಪ್ರಾಣ. ಕೆಲಸ ಅರಸಿ ಬಂದಿದ್ದ ರಾಜಸ್ಥಾನದ ಯುವಕನನ್ನು ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಗುಂಪು ಹೊಡೆದು ಕೊಂದಿತು. ಅವನು ಕಳ್ಳನಲ್ಲ, ನಮ್ಮಂತೆಯೇ ದುಡಿದು ತಿನ್ನುವವನು. ಪರಊರ ಕೂಲಿಗಾರನ ಮೇಲೆ ಎತ್ತಿದ ಕೈ, ನ್ಯಾಯವಾದ ಕೂಲಿ ಕೇಳಲು ಏಳುವುದಿಲ್ಲ. ಲಾಭ ಇರುವುದು ಇಲ್ಲಿಯೇ!

ಮದ್ದೂರಿನ ಶಿವಪುರವನ್ನು ನೆನೆಯಿರಿ. 1938ರ ಏಪ್ರಿಲ್‌ನಲ್ಲಿ ಧ್ವಜವೇರಿಸಲು ಸರ್ಕಾರದ ನಿಷೇಧವಿತ್ತು, ಸೆರೆಮನೆಯ ಭಯವೂ ಇತ್ತು. ಆದರೂ ಸಹಸ್ರಾರು ಜನ ನೆರೆದರು. ಟಿ. ಸಿದ್ದಲಿಂಗಯ್ಯನವರು ಧ್ವಜವೇರಿಸಿ ಬಂಧಿತರಾದರು. ಜನ ಭಯಕ್ಕೆ ಬಾಗಿಲು ಹಾಕಿಕೊಳ್ಳಲಿಲ್ಲ, ಅಮಾಯಕನ ಮೇಲೆ ಕಲ್ಲನ್ನೂ ಎತ್ತಲಿಲ್ಲ; ಒಟ್ಟಾಗಿ ನಿಂತು ಆಳುವವರನ್ನೇ ಎದುರಿಸಿದರು.

ಮಂಡ್ಯದ ಗಿರಣಿ ಕಾರ್ಮಿಕರೇ, ಮಳವಳ್ಳಿಯ ಅಂಗಡಿಕಾರರೇ, ಮುಂದಿನ ವದಂತಿ ಬಾಗಿಲು ತಟ್ಟಿದಾಗ ಮೊದಲು ಕೇಳಿ: ಹೇಳಿದವರು ಯಾರು? ನಾವು ಹೆದರಿದರೆ ಲಾಭ ಯಾರಿಗೆ?