ರಜೆ ಚೀಟಿಯಲ್ಲಿ ಸುಳ್ಳು ಬರೆಯುವ ಗತಿ ಏಕೆ?

ಶುಕ್ರವಾರ ಆಪರೇಷನ್, ಸೋಮವಾರ ಆಫೀಸು ಎಂಬ ಧಾಟಿಯಲ್ಲಿ ಸೌಂದರ್ಯ ಚಿಕಿತ್ಸೆಯ ಪ್ರಚಾರ ನಡೆಯುತ್ತದೆ. ಸ್ತನದ ಗಾತ್ರ ಹೆಚ್ಚಿಸುವ ಶಸ್ತ್ರಚಿಕಿತ್ಸೆ ಈ ಲೆಕ್ಕಕ್ಕೆ ಬಗ್ಗುವುದಿಲ್ಲ. ಇಂಪ್ಲಾಂಟನ್ನು ಎಷ್ಟೋ ಸಲ ಎದೆಯ ಸ್ನಾಯುವಿನ ಅಡಿಯಲ್ಲಿ ಇಡುತ್ತಾರೆ. ತಳ್ಳಲು, ಎಳೆಯಲು, ಕೈ ಎತ್ತಲು ಆ ಸ್ನಾಯುವೇ ಬೇಕು. ಹಾಗಾಗಿ ಮೊದಲ ದಿನಗಳಲ್ಲಿ ಜಡೆ ಹಾಕಿಕೊಳ್ಳಲೂ ಕೈ ಏಳುವುದಿಲ್ಲ. ತಲೆಯ ಮೇಲಿಂದ ತೊಡುವ ಕುರ್ತಾ ಬದಿಗಿಟ್ಟು ಮುಂದೆ ಗುಂಡಿಯಿರುವ ಅಂಗಿ ಹುಡುಕಬೇಕು. ಮಗ್ಗುಲಾಗುವಂತಿಲ್ಲ, ದಿಂಬಿಗೆ ಒರಗಿ ಅಂಗಾತವೇ ಮಲಗಬೇಕು. ಬಿಎಂಟಿಸಿ ಬಸ್ಸಿನಲ್ಲಿ ನಿಂತು ಮೇಲಿನ ಕಂಬಿ ಹಿಡಿಯುವುದಂತೂ ಆಗದ ಮಾತು.

ಕೂತು ಮಾಡುವ ಕೆಲಸಕ್ಕೆ ಸಾಮಾನ್ಯವಾಗಿ ಒಂದು ವಾರದ ಆಸುಪಾಸಿನಲ್ಲಿ ಮರಳಬಹುದು. ರೋಗಿಯನ್ನು ಎತ್ತಿ ಕೂರಿಸುವ ನರ್ಸ್‌ಗೆ, ಜಿಮ್ ತರಬೇತಿ ಕೊಡುವವಳಿಗೆ ನಾಲ್ಕರಿಂದ ಆರು ವಾರ ಬೇಕು. ವೈದ್ಯರ ಚೀಟಿಯಲ್ಲಿ ಬರೀ ‘ವಿಶ್ರಾಂತಿ’ ಎಂದಿದ್ದರೆ ಸಾಲದು. ಎಷ್ಟು ದಿನ ಭಾರ ಎತ್ತಬಾರದು, ಸ್ಕೂಟರ್ ಎಂದು ಓಡಿಸಬಹುದು ಎಂಬುದೂ ಇರಬೇಕು. ಒಂದು ಬದಿ ಏಕಾಏಕಿ ಊದಿಕೊಂಡರೆ, ಜ್ವರ ಬಂದರೆ, ಹೊಲಿಗೆಯಲ್ಲಿ ಕೀವು ಕಂಡರೆ ಮೀಟಿಂಗ್ ಬಿಟ್ಟು ಆಸ್ಪತ್ರೆಗೆ ಓಡಬೇಕು.

ಇದನ್ನೆಲ್ಲ ಮೊದಲೇ ಬಿಡಿಸಿ ಹೇಳುವ ಹೊಣೆ ವೈದ್ಯರದು. ಇಂಪ್ಲಾಂಟ್ ಜೀವನಪೂರ್ತಿ ಬಾಳುವ ಸಾಧನವಲ್ಲ ಎಂಬ ಎಚ್ಚರಿಕೆಯನ್ನು ಅಮೆರಿಕದ ಔಷಧ ಮತ್ತು ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ 2021ರಲ್ಲಿ ಕಡ್ಡಾಯ ಮಾಡಿತು. ಅಪಾಯಗಳ ಪಟ್ಟಿಯನ್ನು ರೋಗಿಯ ಮುಂದಿಟ್ಟು ಚರ್ಚಿಸಬೇಕೆಂದೂ ಹೇಳಿತು. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಗೆ ಒಳಗಾದ 21ರ ಹರೆಯದ ಕಿರುತೆರೆ ನಟಿ ತೀರಿಕೊಂಡಾಗ ನಾಡೇ ಬೆಚ್ಚಿತ್ತು. ಸೌಂದರ್ಯ ಚಿಕಿತ್ಸೆಯೂ ಚಿಕಿತ್ಸೆಯೇ, ಅರಿವಳಿಕೆಯೂ ಅರಿವಳಿಕೆಯೇ.

ಆದರೂ ಈ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಹೆಣ್ಣುಮಕ್ಕಳು ರಜೆಗೆ ನಿಜ ಕಾರಣ ಬರೆಯುವುದು ಕಷ್ಟ. ಡೆಂಗಿ ಎನ್ನಬೇಕು, ಇಲ್ಲವೇ ಊರಲ್ಲಿ ಮದುವೆ ಎನ್ನಬೇಕು. ಮದುವೆಯ ನೆಪ ಹೇಳಿ ಬಂದವಳು ಇಂದು ಭಾರ ಎತ್ತಲಾರೆ ಎಂದು ಹೇಗೆ ಹೇಳಿಯಾಳು? ಸುಳ್ಳಿನ ದಂಡ ತೆರುವುದು ಅವಳ ಹೊಲಿಗೆಗಳು. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ (1961) ವರ್ಷಕ್ಕೆ 12 ದಿನಗಳವರೆಗೆ ಸಂಬಳಸಹಿತ ರಜೆ ಕೊಡುತ್ತದೆ. ಕಾಯಿಲೆ, ಅಪಘಾತದ ಜೊತೆಗೆ ಬೇರೆ ಯಾವುದೇ ಸಮಂಜಸ ಕಾರಣಕ್ಕೂ ಅದು ಅನ್ವಯ. ಎದೆಯ ಗಾಯ ಒಣಗಬೇಕಿರುವುದು ಸಮಂಜಸ ಕಾರಣವಲ್ಲವೇ?

ತಾನಾಗಿ ತಂದುಕೊಂಡದ್ದಕ್ಕೆ ಕಂಪನಿ ಏಕೆ ರಜೆ ಕೊಡಬೇಕು ಎನ್ನುವವರಿದ್ದಾರೆ. ಖರ್ಚಿನ ಮಟ್ಟಿಗೆ ಆ ವಾದ ಆಗಲೇ ಗೆದ್ದಿದೆ: ಕ್ಯಾನ್ಸರ್, ಅಪಘಾತ, ಸುಟ್ಟಗಾಯದ ನಂತರದ ಮರುರಚನೆ ಬಿಟ್ಟರೆ ಆರೋಗ್ಯ ವಿಮೆ ಸೌಂದರ್ಯ ಚಿಕಿತ್ಸೆಗೆ ಹಣ ಕೊಡುವುದಿಲ್ಲ. ವಿಶ್ರಾಂತಿಗೆ ಅದೇ ಗೆರೆ ಎಳೆಯುವುದು ತಪ್ಪು. ಕೊಯ್ದ ಸ್ನಾಯು ಕಾರಣ ಕೇಳಿ ಕೂಡಿಕೊಳ್ಳುವುದಿಲ್ಲ. ಚೆನ್ನೈನ ಸ್ಟ್ಯಾನ್ಲಿ ಸರ್ಕಾರಿ ಆಸ್ಪತ್ರೆ 2018ರಲ್ಲಿ ಇಂಥ ಶಸ್ತ್ರಚಿಕಿತ್ಸೆಯನ್ನು ಬಡವರಿಗೆ ಉಚಿತವಾಗಿ ಕೊಡಲು ಮುಂದಾದಾಗ ಟೀಕೆಗಳು ಬಂದವು. ಸಾರ್ವಜನಿಕ ಹಣದ ಆದ್ಯತೆಯ ಬಗ್ಗೆ ಆ ಚರ್ಚೆ ಬೇಕಿತ್ತು. ಶಸ್ತ್ರಚಿಕಿತ್ಸೆ ಮುಗಿಸಿ ಬಂದವಳ ಮೇಜಿನ ಮುಂದೆ ಅದು ಬೇಡ.

ಎಚ್‌ಆರ್ ವಿಭಾಗಕ್ಕೆ ಬೇಕಾದದ್ದು ಎಷ್ಟು ದಿನ ರಜೆ, ಯಾವ ಕೆಲಸಕ್ಕೆ ಸದ್ಯ ನಿರ್ಬಂಧ ಎಂಬ ವೈದ್ಯರ ಪ್ರಮಾಣಪತ್ರ ಮಾತ್ರ. ಯಾವ ಅಂಗ, ಯಾವ ಶಸ್ತ್ರಚಿಕಿತ್ಸೆ ಎಂದು ಕೆದಕುವುದನ್ನು ಕಂಪನಿಗಳು ಇಂದೇ ಕೈಬಿಡಬಹುದು. ಕೈ ಮುರಿದುಕೊಂಡವನಿಗೆ ಮಾಡಿಕೊಡುವ ಹಗುರ ಕೆಲಸ, ಮನೆಯಿಂದ ದುಡಿಯುವ ಅವಕಾಶ ಇವಳಿಗೂ ಆರು ವಾರ ಸಿಗಲಿ.