‘ನಿಮ್ಮ ಬಗ್ಗೆ ಹೇಳಿ’ ಎಂದಾಗ ಏನು ಹೇಳೋಣ?

ಕೊನೆಯ ಸೆಮಿಸ್ಟರ್ ಶುರುವಾಯಿತೆಂದರೆ ಕಾಲೇಜಿನ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದು ಪಿಡಿಎಫ್ ಓಡಾಡತೊಡಗುತ್ತದೆ. ಸಂದರ್ಶನದ ಐವತ್ತು ಪ್ರಶ್ನೆ, ಐವತ್ತು ಉತ್ತರ. ನಮಗೆ ಸೀನಿಯರ್‌ಗಳು ಕೊಟ್ಟದ್ದು, ಅವರಿಗೆ ಅವರ ಸೀನಿಯರ್‌ಗಳು ಕೊಟ್ಟದ್ದು. ಮೊದಲ ಪ್ರಶ್ನೆ ‘ನಿಮ್ಮ ಬಗ್ಗೆ ಹೇಳಿ’. ಉತ್ತರ: ನಾನು ಶ್ರಮಜೀವಿ, ತಂಡದಲ್ಲಿ ಹೊಂದಿಕೊಂಡು ದುಡಿಯುತ್ತೇನೆ, ಹೊಸದನ್ನು ಬೇಗ ಕಲಿಯುತ್ತೇನೆ. ದೌರ್ಬಲ್ಯ ಕೇಳಿದರೆ, ‘ಎಲ್ಲವೂ ಅಚ್ಚುಕಟ್ಟಾಗಿರಬೇಕೆಂಬ ಹಟ’!

ಒಂದೇ ತರಗತಿಯ ನಲವತ್ತು ಮಂದಿ ಸಾಲಾಗಿ ಹೋಗಿ ಇದನ್ನೇ ಒಪ್ಪಿಸಿದರೆ ಮೇಜಿನ ಆಚೆ ಕುಳಿತವರು ಏನು ಮಾಡಬೇಕು? ಅವರು ಆರಿಸಬೇಕಾದದ್ದು ನಾಲ್ಕೈದು ಜನರನ್ನು. ಹೇಳಿದ ವಿಷಯದಲ್ಲಿ ವ್ಯತ್ಯಾಸ ಕಾಣದಿದ್ದಾಗ ಇಂಗ್ಲಿಷ್ ಉಚ್ಚಾರಣೆಯಲ್ಲಿ, ಕಾಲಿನ ಶೂನಲ್ಲಿ, ಕಾಲೇಜಿನ ಹೆಸರಿನಲ್ಲಿ ಹುಡುಕುತ್ತಾರೆ. ಆಗ ಹಿಂದೆ ಉಳಿಯುವವರು ತಾಲ್ಲೂಕಿನ ಸರ್ಕಾರಿ ಕಾಲೇಜಿನಿಂದ ಬಂದವರೇ. ಬಾಯಿಪಾಠದಿಂದ ಹೆಚ್ಚು ನಷ್ಟ ಆಗುವುದು ಅದನ್ನೇ ಹೆಚ್ಚು ನೆಚ್ಚಿಕೊಂಡ ನಮ್ಮಂಥವರಿಗೆ.

ನಮ್ಮ ಬಿ.ಕಾಂ. ತರಗತಿಯಲ್ಲಿ ಒಬ್ಬಳಿದ್ದಳು. ತಂದೆಯದು ಗೊಬ್ಬರ, ಬಿತ್ತನೆ ಬೀಜ, ಔಷಧಿಯ ಅಂಗಡಿ. ಪಿಯುಸಿಯಿಂದಲೂ ಸಂಜೆ ಅಲ್ಲಿ ಕುಳಿತು ಟ್ಯಾಲಿಯಲ್ಲಿ ಬಿಲ್ ಹಾಕುತ್ತಿದ್ದಳು. ರೈತರ ಸಾಲದ ಪುಸ್ತಕ ನೋಡಿಕೊಳ್ಳುತ್ತಿದ್ದಳು. ತಿಂಗಳಿಗೊಮ್ಮೆ ಲೆಕ್ಕವನ್ನು ಆಡಿಟರ್ ಕಚೇರಿಗೆ ಒಯ್ದು ಕೊಡುತ್ತಿದ್ದಳು. ಬಿತ್ತನೆ ಬೀಜಕ್ಕೆ ಜಿಎಸ್‌ಟಿ ಇಲ್ಲ, ರಾಸಾಯನಿಕ ಗೊಬ್ಬರಕ್ಕೆ ಶೇ 5, ಕೀಟನಾಶಕಕ್ಕೆ ಶೇ 18 ಎನ್ನುವುದು ಅವಳ ಬಾಯಲ್ಲೇ ಇತ್ತು. ಆದರೆ ರೆಸ್ಯೂಮೆಯಲ್ಲಿ ಬರೆದದ್ದು ‘ಅನುಭವ: ಇಲ್ಲ’. ಹವ್ಯಾಸದ ಜಾಗದಲ್ಲಿ ‘ಹಾಡು ಕೇಳುವುದು, ಪುಸ್ತಕ ಓದುವುದು’. ಯಾಕೆ ಹೀಗೆ ಎಂದರೆ, ‘ಅದು ಮನೆ ಕೆಲಸ ಕಣೇ, ಅದನ್ನೆಲ್ಲ ಯಾರು ಬರೀತಾರೆ?’ ಅಂದಳು.

ಲೆಕ್ಕಪತ್ರ ವಿಭಾಗದ ಕೆಲಸಕ್ಕೆ ಅರ್ಜಿ ಹಾಕುವವಳಿಗೆ ಇದಕ್ಕಿಂತ ದೊಡ್ಡ ಅರ್ಹತೆ ಯಾವುದಿದೆ? ಹಾಲಿನ ಡೇರಿಯಲ್ಲಿ ಫ್ಯಾಟ್ ನೋಡಿ ಲೆಕ್ಕ ಬರೆದವನು, ಅಣ್ಣನ ಮೊಬೈಲ್ ಅಂಗಡಿಯಲ್ಲಿ ಗಿರಾಕಿಗಳ ಜಗಳ ಬಿಡಿಸಿದವನು, ಊರ ಜಾತ್ರೆಯ ಚಂದಾ ಹಣಕ್ಕೆ ಲೆಕ್ಕ ಒಪ್ಪಿಸಿದವನು, ಎಲ್ಲರ ಕತೆಯೂ ಇದೇ. ಇವರ ಹತ್ತಿರ ಹೇಳಲು ಬೇಕಾದಷ್ಟಿದೆ. ಅದು ಹೇಳುವಂಥದ್ದು ಎಂದು ಅವರಿಗೆ ಯಾರೂ ಹೇಳಿಲ್ಲ, ಅಷ್ಟೆ.

ಹಾಗಾಗಿ ತಯಾರಿಯನ್ನು ಪಿಡಿಎಫ್‌ನಿಂದಲ್ಲ, ನಮ್ಮದೇ ರೆಸ್ಯೂಮೆಯಿಂದ ಶುರು ಮಾಡಬೇಕು. ಒಂದೊಂದು ಸಾಲಿನ ಮೇಲೂ ಬೆರಳಿಟ್ಟು ‘ಹೇಗೆ? ಯಾಕೆ? ಎಷ್ಟು?’ ಎಂದು ಗೆಳೆಯರಿಂದ ಕೇಳಿಸಿಕೊಳ್ಳಿ. ‘ಎಕ್ಸೆಲ್ ಗೊತ್ತು’ ಎಂದು ಬರೆದವರಿಗೆ ಪಿವೋಟ್ ಟೇಬಲ್ ಮಾಡಿ ತೋರಿಸಲು ಬರುತ್ತದೆಯೇ? ಪ್ರಾಜೆಕ್ಟ್ ವರದಿಯನ್ನು ದುಡ್ಡು ಕೊಟ್ಟು ಮಾಡಿಸಿಕೊಂಡವರು ಎರಡನೇ ಪ್ರಶ್ನೆಗೇ ತಡವರಿಸುತ್ತಾರೆ. ಉತ್ತರಿಸಲಾಗದ ಸಾಲನ್ನು ಅಳಿಸಿಬಿಡುವುದೂ ತಯಾರಿಯೇ.

ಇನ್ನು ಇಂಗ್ಲಿಷ್ ಭಯ. ಇದು ಸುಳ್ಳು ಭಯವೆಂದು ನಾನು ಹೇಳುವುದಿಲ್ಲ. ಬಹಳ ಕಡೆ ಅದು ಬೇಕೇ ಬೇಕು. ಆದರೆ ತಾನು ಮಾಡಿದ ಕೆಲಸವನ್ನು ಹೇಳುವವರಿಗೆ ಸಣ್ಣ ಸಣ್ಣ ವಾಕ್ಯಗಳು ಸಾಕಾಗುತ್ತವೆ. ಬೇರೆಯವರು ಬರೆದ ಉದ್ದ ವಾಕ್ಯ ಮಧ್ಯದಲ್ಲಿ ಮರೆತರೆ ಮುಂದಿನದೆಲ್ಲ ಕೈಕೊಡುತ್ತದೆ. ಪ್ರಶ್ನೆ ಅರ್ಥವಾಗದಿದ್ದರೆ ‘ಇನ್ನೊಮ್ಮೆ ಹೇಳುತ್ತೀರಾ’ ಎಂದು ಕೇಳುವುದರಲ್ಲಿ ಅವಮಾನವೇನಿಲ್ಲ. ನಾಗರಿಕ ಸೇವೆಯ ಪರೀಕ್ಷೆಯನ್ನೇ ನೋಡಿ. ಒಟ್ಟು 2,025 ಅಂಕಗಳಲ್ಲಿ ಸಂದರ್ಶನಕ್ಕೆ 275. ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲಿ ಬರೆದವರು ಅಲ್ಲಿಯೂ ಕನ್ನಡದಲ್ಲಿಯೇ ಉತ್ತರಿಸಬಹುದು. ಕೆಳಹಂತದ ಹುದ್ದೆಗಳಿಗಂತೂ ಕೇಂದ್ರ ಸರ್ಕಾರ 2016ರ ಜನವರಿ 1ರಿಂದ ಸಂದರ್ಶನವನ್ನೇ ಕೈಬಿಟ್ಟಿದೆ. ವಶೀಲಿಬಾಜಿ ತಪ್ಪಲಿ ಎಂಬುದು ಅದರ ಉದ್ದೇಶ. ಖಾಸಗಿ ಕಂಪನಿಗಳಲ್ಲಿ ಇಂಥ ರಕ್ಷಣೆಯಿಲ್ಲ. ನಮ್ಮಲ್ಲಿ ಹೆಚ್ಚಿನವರು ಹೋಗುವುದು ಅಲ್ಲಿಗೇ.

ಆದ್ದರಿಂದ ಕಾಲೇಜುಗಳಿಗೂ ಒಂದು ಮಾತು. ಕೊನೆಯ ಸೆಮಿಸ್ಟರಿನಲ್ಲಿ ಹೊರಗಿನವರನ್ನು ಕರೆಸಿ, ಟೈ ಕಟ್ಟುವುದು, ಕೈಕುಲುಕುವುದು ಎಂದು ಎರಡು ದಿನದ ಕಾರ್ಯಾಗಾರ ಮಾಡಿ ಫೋಟೊ ತೆಗೆಸಿಕೊಂಡರೆ ಪ್ರಯೋಜನವಿಲ್ಲ. ಮೂರನೇ ಸೆಮಿಸ್ಟರಿನಿಂದಲೇ ವಾರಕ್ಕೆ ಇಬ್ಬರನ್ನು ತರಗತಿಯ ಮುಂದೆ ಕೂರಿಸಿ, ಹತ್ತು ನಿಮಿಷ ಅವರ ವಿಷಯದಲ್ಲೇ ಪ್ರಶ್ನೆ ಕೇಳಲಿ. ಇದಕ್ಕೆ ಅನುದಾನ ಬೇಕಿಲ್ಲ, ಮೇಷ್ಟ್ರ ಮನಸ್ಸು ಸಾಕು.

ಕಂಪನಿಗಳೂ ಸ್ವಲ್ಪ ಯೋಚಿಸಬೇಕು. ಬೀದರಿನಿಂದಲೋ ರಾಯಚೂರಿನಿಂದಲೋ ರಾತ್ರಿಯಿಡೀ ಬಸ್ಸಿನಲ್ಲಿ ಬಂದು, ಮೆಜೆಸ್ಟಿಕ್‌ನ ಶೌಚಾಲಯದಲ್ಲಿ ಮುಖ ತೊಳೆದು ಇಸ್ತ್ರಿ ಅಂಗಿ ಹಾಕಿಕೊಂಡವನಿಗೆ ‘ಎಚ್‌ಆರ್ ಇವತ್ತು ರಜೆ, ನಾಳೆ ಬನ್ನಿ’ ಎನ್ನುವುದು ಸರಿಯೇ? ಶಕ್ತಿ ಯೋಜನೆಯಿಂದ ಹುಡುಗಿಯರಿಗೆ ಸಾಮಾನ್ಯ ಬಸ್ಸಿನ ಟಿಕೆಟ್ ಹಣವಾದರೂ ಉಳಿದಿದೆ. ರಾತ್ರಿ ಉಳಿಯುವ ಜಾಗಕ್ಕೆ ಯಾವ ಯೋಜನೆಯೂ ಇಲ್ಲ. ಮೊದಲ ಸುತ್ತನ್ನು ಫೋನಿನಲ್ಲೇ ಮುಗಿಸಬಹುದಲ್ಲ.

ಸಂದರ್ಶನದ ಕೊನೆಗೆ ‘ನೀವೇನಾದರೂ ಕೇಳುವುದಿದೆಯೇ?’ ಎನ್ನುತ್ತಾರೆ. ನಮ್ಮವರು ‘ಇಲ್ಲ ಸರ್’ ಎಂದು ಎದ್ದುಬಿಡುತ್ತಾರೆ. ಕೇಳಲೇಬೇಕಾದ್ದಿದೆ. ವರ್ಷಕ್ಕೆ ಮೂರು ಲಕ್ಷದ ಪ್ಯಾಕೇಜ್ ಎಂದರೆ ತಿಂಗಳಿಗೆ 25 ಸಾವಿರ ಕೈಗೆ ಬರುತ್ತದೆ ಎಂದಲ್ಲ. ಕಂಪನಿ ಕಟ್ಟುವ ಪಿಎಫ್ ಪಾಲು, ಗ್ರಾಚ್ಯುಟಿ, ವಿಮೆ ಸಾಮಾನ್ಯವಾಗಿ ಅದರಲ್ಲೇ ಸೇರಿರುತ್ತವೆ. ನಮ್ಮ ಪಿಎಫ್ ಪಾಲು ಬೇರೆ ಕಡಿತವಾಗುತ್ತದೆ. ಕೈಗೆ ಬರುವುದು ಎಷ್ಟು, ಬಾಂಡ್ ಇದೆಯೇ, ಮೂಲ ಅಂಕಪಟ್ಟಿ ಇಟ್ಟುಕೊಳ್ಳುತ್ತೀರಾ ಎಂದು ಮರ್ಯಾದೆಯಿಂದಲೇ ಕೇಳಿ. ಠೇವಣಿ ಕಟ್ಟಿ ಎಂದರೆ ಮಾತ್ರ ಏನೂ ಕೇಳದೆ ಎದ್ದು ಬನ್ನಿ. ಪಿಜಿ ಬಾಡಿಗೆ, ಬಸ್ ಪಾಸ್ ಕಳೆದು ಮನೆಗೆ ಎಷ್ಟು ಕಳಿಸಬಹುದು ಎಂಬ ಲೆಕ್ಕ ಆ ಉತ್ತರ ಸಿಕ್ಕ ಮೇಲಿನದು.